ಮಂಜೂರಿ

ಕೌಲ್‌ಬಜಾರಿನ ಗಲ್ಲಿಯೊಳಗೆ, ಮಾಳಿಗೆಯ ಮೇಲೆ,
ಜೀನ್ಸ್ ಪ್ಯಾಂಟಿನ ಜೇಬಿಗೆ ತಾಮ್ರದ ಗುಂಡಿ ಬಡಿಯುವ ಮಿಷಿನ್ನು
ಮಾಬುನ್ನಿಯ ಬೆರಳು ಕಚ್ಚಿತು.
ಎದುರಿಗೆ ಕೂತು ನಾನು ದಾರದ ತುದಿ ಕತ್ತರಿಸುತ್ತಿದ್ದೆ.
ಕಂಡವಳು ಒಬ್ಬಳಿದ್ದರೆ ಸಾಕು ಅಂದುಕೊಂಡಿದ್ದೆ.

ಸಾಲದು.
ಆಗ ಗಂಟೆ ಎಷ್ಟು? ಊಟದ ಬಿಡುವೇ?
ಮಿಷಿನ್ನು ಓಡುತ್ತಿತ್ತೋ, ಒರೆಸುತ್ತಿದ್ದಳೋ?
ಕೆಲಸದ ವೇಳೆಯಲ್ಲಿ ಆದದ್ದೋ, ಕೆಲಸದಿಂದಲೇ ಆದದ್ದೋ?
ಎರಡೂ ಬೇರೆಯಂತೆ. ಎರಡೂ ಬೇಕಂತೆ.
ಸೇಠರ ಅಪಘಾತದ ರಿಜಿಸ್ಟರು
ಅಂಗಡಿಯ ಹೊಸ ಲುಂಗಿಯ ಹಾಗೆ, ಮಡಿಕೆ ಮುರಿದಿರಲಿಲ್ಲ.

ಗಡಿಯಾರ ನೋಡಿಲ್ಲ ಸಾರ್, ಅಂದೆ.
ಕೆಳಗೆ ಹೋಟೆಲಿನಲ್ಲಿ ಮಿರ್ಚಿಯ ಮೊದಲ ಘಾಣ ಇಳಿದಿತ್ತು,
ಮಸೀದಿಯಲ್ಲಿ ಬಾಂಗ್ ಇನ್ನೂ ಆಗಿರಲಿಲ್ಲ.
ಗುಮಾಸ್ತ ನಕ್ಕ. ಆಮೇಲೆ
ಬಹಳ ಹೊತ್ತು ಯೋಚಿಸಿ ಬರೆದ: ಸುಮಾರು ಹನ್ನೆರಡೂಕಾಲು.

ಬೋರ್ಡು ಕೂತದ್ದು ಐದು ತಿಂಗಳ ಮೇಲೆ, ಒಂದು ಮಂಗಳವಾರ.
ಮೂವರು ಡಾಕ್ಟರು, ಒಂದು ಫ್ಯಾನು, ಬಳ್ಳಾರಿಯ ಏಪ್ರಿಲ್ಲು.
ಮುಷ್ಟಿ ಹಿಡಿ. ಹಿಡಿದಳು.
ಬಿಡು. ಬಿಟ್ಟಳು.
ಈ ಪೆನ್ನು ಎತ್ತು. ಎತ್ತಿದಳು, ಬಿತ್ತು,
ಮೇಜಿನಡಿ ತಾನೇ ಬಗ್ಗಿ ಹುಡುಕಿ
ಡಾಕ್ಟರ ಕೈಗೆ ಕೊಟ್ಟು, ತಪ್ಪಾಯ್ತು ಅಂದಳು.

ಬಲಗೈ, ತೋರುಬೆರಳು, ಎರಡು ಗೆಣ್ಣು: ನೂರಕ್ಕೆ ಹನ್ನೊಂದು.
ಒಂದೇ ಗೆಣ್ಣು ಹೋಗಿದ್ದರೆ ಒಂಬತ್ತು,
ಬೆರಳು ಪೂರಾ ಹೋಗಿದ್ದರೆ ಹದಿನಾಲ್ಕು.
ಪಟ್ಟಿ ಅಚ್ಚಾಗಿದೆ. ಚೌಕಾಸಿ ಇಲ್ಲ.
ಉಳ್ಳಾಗಡ್ಡಿಯ ರೇಟನ್ನೂ ಯಾರೂ
ಇಷ್ಟು ಖಡಾಖಡಿ ಹೇಳುವುದಿಲ್ಲ.

ಮತ್ತೆ ಭುಜ? ಅಂದೆ ನಾನು, ನಡುವೆ ಬಾಯಿ ಹಾಕಿ.
ಬೆರಳು ಕಾಯಲೆಂದು ತಿಂಗಳುಗಟ್ಟಲೆ
ಎದೆಗವಚಿ ಹಿಡಿದ ಕೈ ಈಗ ಜಡೆ ಹೆಣೆಯಲೂ ಏಳುವುದಿಲ್ಲ.
ಭುಜ ಅರ್ಜಿಯಲ್ಲಿಲ್ಲ.
ಭುಜಕ್ಕೂ ಮಿಷಿನ್ನಿಗೂ ಸಂಬಂಧವಿಲ್ಲ. ವಯಸ್ಸಿನದು.
ನಲವತ್ತೊಂದು ಸಾರ್.
ಸಕ್ಕರೆ ನೋಡಿಸಿ.

ಒಂದೇ ಕೈ.
ತುದಿ ಸರ್ಕಾರದ್ದು, ಬುಡ ಅವಳದ್ದು.

ಬೆರಳಿಗೆ ಮೇಣದ ಕಾವು ಆರು ಸಲ ಮಂಜೂರು,
ಏಳನೆಯದಕ್ಕೆ ಹೊಸ ಕಾಗದ.
ಫಿಜಿಯೋ ಹುಡುಗಿ ಹಂಪಮ್ಮ
ಬೆರಳೆಂದು ಬರೆದುಕೊಂಡು
ಬಾಗಿಲು ಮುಂದೆ ಮಾಡಿ, ಭುಜವನ್ನೂ ತಿರುವಿಕೊಟ್ಟಳು.
ಎಲ್ಲೂ ಹೇಳಬೇಡಿ. ನಾನೂ ಹೇಳಿಲ್ಲ.

ಆದೇಶ ಬಂತು. ಓದಿದವಳು ನಾನು.
ಅವಳಿಗೆ ಉರ್ದು ಬರುತ್ತೆ, ಸಂತೆಗೆ ಬೇಕಾದಷ್ಟು ತೆಲುಗು,
ಸರ್ಕಾರದ ಕನ್ನಡ ನನಗೇ ಅರ್ಧ.
ಅಂಗವೈಕಲ್ಯ ಅಂದೆ. ಏನು ಹಂಗಂದ್ರ?
ವಿವರಿಸಿದೆ. ಓ, ಮಾಜೂರಿ, ಅಂದಳು.
ಮಜೂರಿ? ಕೂಲಿಯಾ?
ಅಲ್ಲ ಕಣೇ, ಮಾ-ಜೂರಿ. ಎಳಿ.

ಆ ರಾತ್ರಿ ನಿದ್ದೆ ಬರಲಿಲ್ಲ.
ಮಂಜೂರಿಯ ಸೊನ್ನೆ ಅಳಿಸಿದೆ, ಮಜೂರಿ.
ಒಂದು ದೀರ್ಘ ಎಳೆದೆ, ಮಾಜೂರಿ.
ಸೊನ್ನೆಯನ್ನು ಮತ್ತೆ ತಂದು ಎಲ್ಲಿಡಬೇಕೋ ತಿಳಿಯದೆ
ಕೈಯಲ್ಲೇ ಹಿಡಿದುಕೊಂಡು ಮಲಗಿದೆ.

ಸಂಜೆ ನಮಾಜು ಮುಗಿಸಿ ಅವಳು ಗೆಣ್ಣು ಎಣಿಸುತ್ತಾಳೆ.
ಮೂವತ್ತಮೂರು, ಮೂವತ್ತಮೂರು, ಮೂವತ್ತನಾಲ್ಕು.
ಹೆಬ್ಬೆರಳು ಕಿರುಬೆರಳಿನಿಂದ ಹೊರಟು
ಗೆಣ್ಣು ಗೆಣ್ಣಿಗೂ ನಿಂತು, ತೋರುಬೆರಳಿಗೆ ಬಂದು
ಬುಡದ ಗೆಣ್ಣು ಮುಟ್ಟಿ
ಆಮೇಲೆ ಬರಿ ಗಾಳಿಯಲ್ಲಿ ಒಮ್ಮೆ,
ಇನ್ನೂ ಸ್ವಲ್ಪ ಮೇಲೆ ಇನ್ನೊಮ್ಮೆ ನಿಂತು
ಹಿಂದಿರುಗುತ್ತದೆ. ಲೆಕ್ಕ ತಪ್ಪಿದ್ದನ್ನು ನಾನು ಕಂಡಿಲ್ಲ.

ಹೊಸ್ತಿಲಲ್ಲಿ ಕಾಯುತ್ತೇನೆ,
ಏಳನೆಯ ಸಲದ ಕಾಗದ ಹಿಡಿದು.
ಮೊದಲೆಲ್ಲ ಚೆಂದ ಸಹಿ ಹಾಕುತ್ತಿದ್ದಳು, ಬಲದಿಂದ ಎಡಕ್ಕೆ.
ಈಗ ಶಾಯಿಯ ಡಬ್ಬಿ ನಾನೇ ತಂದಿರುತ್ತೇನೆ.